45 ನಿಮಿಷದಲ್ಲಿ ಒಂದು ಕಾಲ: ನಿಮ್ಮದೇ ಮಿಕ್ಸ್ ಕಟ್ಟುವ ಬಗೆ

ಮಿಕ್ಸ್ ಎಂದರೆ ಆಯ್ದ ಹಾಡುಗಳನ್ನು ಒಂದರ ಹಿಂದೊಂದು ಜೋಡಿಸಿ ಕಟ್ಟಿದ ಸರಣಿ. ಅದನ್ನು ಕಟ್ಟಲು ಕೂರುವ ಮೊದಲು ಬದುಕಿನ ಒಂದು ಕಾಲವನ್ನು ಆರಿಸಿಕೊಳ್ಳಿ. ‘ದುಃಖ’, ‘ಪ್ರೀತಿ’, ‘ಮಳೆ’ ಎಂದು ಶುರು ಮಾಡಬೇಡಿ. ಅಂಥ ಪಟ್ಟಿಗಳು ಯಾವ ಆ್ಯಪ್ ತೆರೆದರೂ ಸಾಲುಗಟ್ಟಿ ನಿಂತಿರುತ್ತವೆ. ಅವು ಎಲ್ಲರಿಗೂ ಆಗುತ್ತವೆ, ಹಾಗಾಗಿ ಯಾರದ್ದೂ ಅಲ್ಲ. ‘ತಂಗಿ ಮದುವೆಯಾಗಿ ಹೋದ ಮೇಲಿನ ಶ್ರಾವಣ’, ‘ಕೆಲಸ ಬಿಟ್ಟು ಮನೆಯಲ್ಲಿದ್ದ ಬೇಸಿಗೆ’, ‘ಅವನ ಜೊತೆ ಮಾತು ನಿಂತ ದಸರಾ ರಜೆ’, ಹೀಗೆ ಮೊದಲೂ ಕೊನೆಯೂ ಇರುವ ಒಂದು ಕಾಲ ಬೇಕು. ಆ ದಿನಗಳಲ್ಲಿ ಅಳು ಒಂದೇ ಇರಲಿಲ್ಲವಲ್ಲ. ಸಿಟ್ಟಿತ್ತು, ನಡುವೆ ನಗು ಬಂತು, ಏನೂ ಅನ್ನಿಸದ ಮಧ್ಯಾಹ್ನಗಳೂ ಇದ್ದವು. ಅವೆಲ್ಲ ಮಿಕ್ಸ್‌ನೊಳಗೆ ಬರಬೇಕು.

ನಾನು ಹುಬ್ಬಳ್ಳಿಯ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ಧಾರವಾಡದಲ್ಲಿ. ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ ಕಿವಿಯಲ್ಲಿ ಹಾಡು ಇರುತ್ತದೆ, ಹೆಚ್ಚಾಗಿ ಇಂಡೀ, ಅಂದರೆ ಸಿನಿಮಾದ ಹೊರಗೆ ಕಲಾವಿದರು ತಾವೇ ಮಾಡಿದ ಹಾಡು. ಆ ಹಾಡುಗಳಿಂದಲೇ ಆಗಾಗ ಒಂದು ಮಿಕ್ಸ್ ಕಟ್ಟುತ್ತೇನೆ. ಅಪ್ಪ ತೀರಿಕೊಂಡ ಮರುವರ್ಷ ನಾವು ಬ್ಯಾಡಗಿಯ ಮನೆ ಮಾರಿದೆವು, ಅವ್ವ ನನ್ನ ಜೊತೆ ಬಂದಳು. ಆ ಕಾಲಕ್ಕೆ ಕಟ್ಟಿದ ಮಿಕ್ಸ್‌ನ ಹೆಸರು ‘ಬ್ಯಾಡಗಿ, ಮಾಘದಿಂದ ಚೈತ್ರ’. ಇಲ್ಲಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಇಂಡೀ ಹಾಡುಗಳೇ ಏಕೆ? ಸಿನಿಮಾ ಹಾಡು ನನಗೂ ಇಷ್ಟ. ಆದರೆ ಅದು ಬರುವಾಗಲೇ ನಾಯಕ, ನಾಯಕಿ, ಆ ಸನ್ನಿವೇಶ, ಆ ಮಳೆ ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಕಣ್ಣು ಮುಚ್ಚಿದರೆ ಅವರೇ ಕಾಣುತ್ತಾರೆ. ತಾವೇ ಬರೆದು, ತಾವೇ ರಾಗ ಹಾಕಿ ಹಾಡುವವರ ಹಾಡಿನಲ್ಲಿ ಆ ಜಾಗ ಖಾಲಿ ಇರುತ್ತದೆ, ಅಲ್ಲಿ ನಿಮ್ಮ ಮನೆಯ ಪಡಸಾಲೆ ಹಿಡಿಸುತ್ತದೆ. ಕನ್ನಡದವರಿಗೆ ಇದು ಹೊಸದೂ ಅಲ್ಲ. ಸಿನಿಮಾದ ಹೊರಗಿನ ಹಾಡನ್ನು ನಾವು ಭಾವಗೀತೆಯಲ್ಲಿ, ತತ್ವಪದದಲ್ಲಿ, ಆಕಾಶವಾಣಿಯಲ್ಲಿ ಕೇಳಿಕೊಂಡೇ ಬೆಳೆದಿದ್ದೇವೆ. ಶಿಶುನಾಳ ಶರೀಫರು (1819–1889) ಬಾಳಿದ ಊರು ನಮ್ಮ ಹುಬ್ಬಳ್ಳಿಗೆ ದೂರವೇನಲ್ಲ. ಅವರ ಪದಗಳನ್ನು ನಮ್ಮಪ್ಪ ಸಿ. ಅಶ್ವಥ್ ದನಿಯಲ್ಲಿ ಕೇಳಿದ. ನಾನು ಅಶ್ವಥ್ ದನಿಯಲ್ಲೂ ಕೇಳಿದೆ, ಆಮೇಲೆ ರಘು ದೀಕ್ಷಿತ್ ಗಿಟಾರಿನ ಜೊತೆಗೂ ಕೇಳಿದೆ.

ಹಾಡು ಕೂಡಿಸುವುದು

ಆ ಕಾಲ ನಡೆಯುತ್ತಿರುವಾಗಲೇ ಕೂಡಿಸಲು ಶುರು ಮಾಡಿದರೆ ಒಳ್ಳೆಯದು. ಫೋನಿನ ನೋಟ್ಸ್‌ನಲ್ಲಿ ಹಾಡಿನ ಹೆಸರು, ಕೇಳಿದ ಜಾಗ, ಒಂದು ಸಾಲು, ಇಷ್ಟು ಬರೆದಿಡಿ. ನನ್ನ ಪಟ್ಟಿಯಲ್ಲಿ ‘ನವನಗರ ದಾಟುವಾಗ, ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಿನ’ ಎಂಬಂಥ ಸಾಲುಗಳಿವೆ. ಕಾಲ ಕಳೆದುಹೋಗಿದ್ದರೆ ಆ್ಯಪ್‌ನ ಹಿಸ್ಟರಿ ತೆಗೆದು ನೋಡಿ. ಯಾವುದನ್ನು ಮತ್ತೆ ಮತ್ತೆ ಹಾಕಿದಿರಿ ಎಂಬುದು ಅಲ್ಲಿ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಿಮಗೆ ಇಷ್ಟವಾದ ಹಾಡು ಬೇರೆ, ಆ ಕಾಲದ ಹಾಡು ಬೇರೆ. ಮನೆ ಮಾರಿದ ತಿಂಗಳು ನಾನು ಗಂಭೀರವಾದದ್ದೇನೂ ಕೇಳಲಿಲ್ಲ. ಚಪ್ಪಾಳೆ, ಡೋಲಕ್ ಇರುವ ಒಂದು ಕುಣಿತದ ಹಾಡನ್ನು ಬೆಳಿಗ್ಗೆ ಸಂಜೆ ಹಾಕಿಕೊಳ್ಳುತ್ತಿದ್ದೆ. ಹೊರಗಿನವರಿಗೆ ಅದು ಮನೆ ಮಾರಿದ ದುಃಖ ಎಂದು ಅನ್ನಿಸಲಾರದು. ನನಗೆ ಮಾತ್ರ ಆ ಹಾಡು ಬಂದರೆ ಖರೀದಿ ಪತ್ರದ ಸಹಿ ನೆನಪಾಗುತ್ತದೆ. ಅಂಥ ಹಾಡು ಇರಲೇಬೇಕು. ನಾಲ್ಕು ಜನರ ಮುಂದೆ ಹೇಳಲು ಸಂಕೋಚ ಅನ್ನಿಸುವ ಹಾಡಿದ್ದರೆ ಅದೂ ಇರಲಿ.

ಹೊಸ ಹಾಡು ಹುಡುಕಲು ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟ್ ನನಗೆ ತುಂಬ ಹಿಡಿಸಿದ ಜಾಗ. 2008ರಲ್ಲಿ ಶುರುವಾದದ್ದು. ಹಾಡು ಕೊಂಡರೆ ಎಂಪಿ3, ಫ್ಲ್ಯಾಕ್ (ಗುಣಮಟ್ಟ ಕುಗ್ಗಿಸದ ಫೈಲ್) ಯಾವ ರೂಪದಲ್ಲಿ ಬೇಕೋ ಆ ರೂಪದಲ್ಲಿ ಫೈಲ್ ಕೈಗೆ ಬರುತ್ತದೆ, ದುಡ್ಡಿನ ದೊಡ್ಡ ಪಾಲು ಹಾಡಿದವರಿಗೇ ಹೋಗುತ್ತದೆ. ನಮ್ಮ ಕಡೆಯ ತಂಡಗಳಿಂದ ಶುರು ಮಾಡುವುದಾದರೆ ಜಾನಪದಕ್ಕೆ ರಾಕ್ ಬೆರೆಸುವ ಸ್ವರಾತ್ಮ ಕೇಳಿ, ಬೆಂಗಳೂರಿನಲ್ಲಿದ್ದುಕೊಂಡು ಉರ್ದು, ಕಾಶ್ಮೀರಿಯಲ್ಲಿ ಹಾಡುವ ಪರ್ವಾಜ್ ಕೇಳಿ, ಬಿಂದುಮಾಲಿನಿ ಹಾಡುವ ಕಬೀರ ಕೇಳಿ, ಎಲ್ಲಮ್ಮನ ಪದಗಳನ್ನು ಹಾಡುವ ಶಿಲ್ಪಾ ಮುಡಬಿ ಅವರನ್ನು ಕೇಳಿ. ತಿಳಿಯದ ಭಾಷೆಯ ಹಾಡಿಗೆ ಹೆದರಬೇಡಿ. ದಿಲ್ಲಿಯ ಇಂಡಿಯನ್ ಓಷನ್ ತಂಡ 2000ದಲ್ಲಿ ತಂದ ಆಲ್ಬಮ್‌ನಲ್ಲಿ ಅರಮಾಯಿಕ್ ಭಾಷೆಯ ಪ್ರಾರ್ಥನೆಯೊಂದಿದೆ. ಅರ್ಥ ಗೊತ್ತಿಲ್ಲದೆ ಎಷ್ಟು ಜನ ಅದನ್ನು ತಮ್ಮದು ಮಾಡಿಕೊಂಡಿದ್ದಾರೆ! ನನ್ನ ಮಿಕ್ಸ್‌ನಲ್ಲಿ ಮಾತೇ ತಿಳಿಯದ ಒಂದು ಹಾಡು ಯಾವಾಗಲೂ ಇರುತ್ತದೆ, ನನ್ನ ಬಳಿ ಮಾತಿಲ್ಲದ ಜಾಗದಲ್ಲಿ ಅದನ್ನು ಇಡುತ್ತೇನೆ.

ಎಷ್ಟು ಉದ್ದ?

45 ನಿಮಿಷ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಮುಂದೆ ಮನೆಮನೆಗೆ ಬಂದ ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು ಇಷ್ಟೇ ಉದ್ದ. ನಮ್ಮಪ್ಪ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ತನಗೆ ಬೇಕಾದ ಪದ, ವಚನಗಳ ಹೆಸರನ್ನು ಚೀಟಿಯಲ್ಲಿ ಬರೆದು, ಹುಬ್ಬಳ್ಳಿಗೆ ಬಂದಾಗ ಖಾಲಿ ಕ್ಯಾಸೆಟ್ಟಿನ ಜೊತೆ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಹೋಗುತ್ತಿದ್ದ. ಒಂದೊಂದು ಪದದ ಮುಂದೆಯೂ ಅಂದಾಜು ನಿಮಿಷ ಬರೆದಿರುತ್ತಿತ್ತು. ಮಗ್ಗುಲು ಮುಗಿಯುವಾಗ ಪದ ಅರ್ಧಕ್ಕೆ ನಿಂತರೆ ಅವನಿಗೆ ಆಗುತ್ತಿರಲಿಲ್ಲ. ಆ ಲೆಕ್ಕವನ್ನು ನಾನೂ ಇಟ್ಟುಕೊಂಡಿದ್ದೇನೆ, ಏಕೆಂದರೆ ಮಿತಿ ಇದ್ದರೇ ಆಯ್ಕೆ ಆಗುತ್ತದೆ. ಮೂವತ್ತು ನಲವತ್ತು ಹಾಡು ಕೂಡಿದ್ದರೆ ಹತ್ತು ಹನ್ನೆರಡು ಉಳಿಯುತ್ತವೆ. ಯಾವುದನ್ನು ಬಿಡಲು ಹೊಟ್ಟೆ ಉರಿಯುತ್ತದೋ ಅದರ ಮುಂದೆ ಒಂದು ಗುರುತು ಹಾಕಿ, ಮರುದಿನ ನೋಡಿ. ಒಂದೇ ಮಾತನ್ನು ಎರಡು ಹಾಡು ಹೇಳುತ್ತಿದ್ದರೆ ಒಂದನ್ನು ತೆಗೆಯಿರಿ.

ಯಾವುದರ ಹಿಂದೆ ಯಾವುದು

ನನ್ನ ಹೊತ್ತೆಲ್ಲ ಹೋಗುವುದು ಇಲ್ಲೇ. ಹೋದರೂ ಬೇಸರವಿಲ್ಲ.

ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತದ ಬೈಠಕ್ ಕೇಳಿದವರಿಗೆ ಗೊತ್ತು: ಗಾಯಕರು ವಿಲಂಬಿತ ಎಂಬ ನಿಧಾನ ಲಯದಲ್ಲಿ ಶುರು ಮಾಡುತ್ತಾರೆ, ಮೆಲ್ಲಗೆ ದ್ರುತ್ ಎಂಬ ವೇಗದ ಲಯಕ್ಕೆ ಬರುತ್ತಾರೆ, ಆಮೇಲೆ ವಚನವೋ ದಾಸರ ಪದವೋ, ಕೊನೆಗೆ ಭೈರವಿ ರಾಗ. ಕೇಳುವವರ ಮನಸ್ಸು ಕುಳಿತುಕೊಳ್ಳಲು ಹೊತ್ತು ಬೇಕೆಂದು ಅವರಿಗೆ ತಿಳಿದಿದೆ. ಅದನ್ನೇ ಅನುಸರಿಸಿ. ನಿಮ್ಮ ಅತ್ಯಂತ ಪ್ರೀತಿಯ ಹಾಡನ್ನು ಮೊದಲಿಗೆ ಇಡಬೇಡಿ. ಮೊದಲ ಹಾಡು ಜಾಗ ತೋರಿಸಿದರೆ ಸಾಕು. ನನ್ನದರಲ್ಲಿ ಅದು ಬರೀ ಗಿಟಾರು, ಹಿಂದೆ ಸಣ್ಣಗೆ ಗುನುಗುವ ಒಂದು ದನಿ. ಎರಡನೆಯದರಲ್ಲಿ ಮಾತು ಬರುತ್ತದೆ. ಮೂರನೆಯದು ಆ ಕುಣಿತದ ಹಾಡು.

ಎಲ್ಲಕ್ಕಿಂತ ಭಾರದ ಹಾಡು ನಟ್ಟನಡುವೆಯೂ ಬೇಡ, ಕೊನೆಗೂ ಬೇಡ. ಮೂವತ್ತನೆಯ ನಿಮಿಷದ ಹತ್ತಿರ ಬರಲಿ. ಅಷ್ಟು ಹೊತ್ತಿಗೆ ಕೇಳುವವರು ನಿಮ್ಮನ್ನು ನಂಬಿರುತ್ತಾರೆ, ಆಮೇಲೆ ಇಳಿದು ಬರಲು ಹದಿನೈದು ನಿಮಿಷ ಉಳಿದಿರುತ್ತದೆ. ಅದಾದ ಕೂಡಲೇ ಸಮಾಧಾನದ ಹಾಡು ಹಾಕಬೇಡಿ, ಸಾವಿನ ಮನೆಯಲ್ಲಿ ‘ಎಲ್ಲ ಸರಿಹೋಗುತ್ತದೆ’ ಎನ್ನುವವರ ಹಾಗೆ ಕೇಳಿಸುತ್ತದೆ. ಅಲ್ಲಿ ಮಾತಿಲ್ಲದ ವಾದ್ಯದ ತುಣುಕೊಂದು ಇರಲಿ.

ಇನ್ನು ಜೋಡಣೆ. ಒಂದು ಹಾಡು ಮುಗಿದ ಶ್ರುತಿಯಿಂದ ಇನ್ನೊಂದು ಶುರುವಾಗುವ ಶ್ರುತಿಗೆ ಹೇಗೆ ಹೋಗುತ್ತೀರಿ ಎಂಬುದು ಕಿವಿಗೆ ಗೊತ್ತಾಗುತ್ತದೆ, ಸಂಗೀತ ಕಲಿಯದಿದ್ದರೂ. ಹಾಡಿನ ಷಡ್ಜ, ಅಂದರೆ ಆಧಾರ ಸ್ವರವಾದ ಸ, ಯಾವುದೆಂದು ತಿಳಿಯಲು ಫೋನಿನಲ್ಲಿ ತಾನ್ಪುರ ಆ್ಯಪ್ ಹಾಕಿ, ಶ್ರುತಿ ಏರಿಸುತ್ತಾ ಇಳಿಸುತ್ತಾ ಹೋಗಿ. ಎಲ್ಲಿ ಎರಡೂ ಕೂಡಿ ನಿಲ್ಲುತ್ತವೋ ಅದೇ. ಮೊದಲ ಹಾಡಿನ ಸ ಇದ್ದಲ್ಲೇ ಮುಂದಿನದರ ಸ ಇದ್ದರೆ, ಅಥವಾ ಮೊದಲನೆಯದರ ಪ ಅಥವಾ ಮ ಮುಂದಿನದರ ಸ ಆದರೆ ಹೆಜ್ಜೆ ಸಲೀಸು. ಅರ್ಧ ಸ್ವರ ಮಾತ್ರ ಜರುಗಿದರೆ ಕಿವಿ ಮುಗ್ಗರಿಸುತ್ತದೆ. ಬೇಕೆಂದೇ ಮುಗ್ಗರಿಸಬೇಕಾದಲ್ಲಿ ಅದನ್ನೂ ಬಳಸಬಹುದು. ಮನೆ ಮಾರುವ ಮಾತು ಮೊದಲ ಸಲ ಬಂದ ದಿನದ ಹಾಡನ್ನು ನಾನು ಹಾಗೆಯೇ ಜೋಡಿಸಿದ್ದೇನೆ.

ಲಯಕ್ಕೂ ಇದೇ ಮಾತು. ತೊಡೆಯ ಮೇಲೆ ತಟ್ಟಿ ನೋಡಿ. ನಿಮಿಷಕ್ಕೆ 140 ಬಡಿತದ ಹಾಡಿನ ಹಿಂದೆ 70ರದ್ದು ಬಂದರೆ ಕಾಲಿನ ತಾಳ ತಪ್ಪುವುದಿಲ್ಲ, ಉಸಿರು ಮಾತ್ರ ನಿಧಾನವಾಗುತ್ತದೆ. 140ರ ಹಿಂದೆ 125 ಬಂದರೆ ಯಾರೋ ಬ್ರೇಕ್ ಹಾಕಿದಂತೆ ಆಗುತ್ತದೆ.

ಒಂದೇ ಪದವನ್ನು ಇಬ್ಬರ ದನಿಯಲ್ಲಿ ಇಡುವುದು ನನಗೆ ಬಹಳ ಪ್ರಿಯ. ಶರೀಫರ ಒಂದು ತತ್ವಪದ ನನ್ನ ಮಿಕ್ಸ್‌ನ ನಾಲ್ಕನೆಯ ಜಾಗದಲ್ಲಿ ಬ್ಯಾಂಡಿನ ಜೊತೆ ಬರುತ್ತದೆ, ಒಂಬತ್ತನೆಯ ಜಾಗದಲ್ಲಿ ಹಾರ್ಮೋನಿಯಂ, ತಬಲಾದ ಜೊತೆ ಹಳೆಯ ದನಿಯಲ್ಲಿ ಬರುತ್ತದೆ. ಪದ ಅದೇ ಇದ್ದರೂ ನಡುವೆ ಮನೆ ಹೋಗಿದೆ, ಆದ್ದರಿಂದ ಎರಡನೆಯ ಸಲ ಅದು ಬೇರೆಯೇ ಕೇಳುತ್ತದೆ.

ಪರೀಕ್ಷೆ ಮಾಡಲು ಇಡೀ ಮಿಕ್ಸ್ ಮತ್ತೆ ಮತ್ತೆ ಕೇಳಬೇಕಿಲ್ಲ. ಪ್ರತಿ ಹಾಡಿನ ಕೊನೆಯ ಇಪ್ಪತ್ತು ಸೆಕೆಂಡು, ಮುಂದಿನದರ ಮೊದಲ ಇಪ್ಪತ್ತು ಸೆಕೆಂಡು, ಇಷ್ಟನ್ನೇ ಕೇಳುತ್ತಾ ಹೋಗಿ. ಎಲ್ಲಿ ಮನಸ್ಸು ಮುಂದಿನ ಹಾಡನ್ನು ಬೇಡ ಅನ್ನುತ್ತದೋ ಅಲ್ಲಿ ಅದಲುಬದಲು ಮಾಡಿ.

ಮನೆಯ ಸದ್ದು

ಹಾಡುಗಳ ನಡುವೆ ಎಲ್ಲಾದರೂ ಒಂದೆರಡು ಕಡೆ ನಿಮ್ಮದೇ ಜಗತ್ತಿನ ಸದ್ದು ಸೇರಿಸಿ. ಫೋನಿನ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಫೋನನ್ನು ಕೈಯಲ್ಲಿ ಹಿಡಿಯದೆ ಮಡಿಸಿದ ಟವೆಲ್ ಮೇಲೆ ಇಡಿ, ಒಂದು ನಿಮಿಷ ಮಾತಾಡದೆ ಬಿಡಿ. ಬ್ಯಾಡಗಿಯಲ್ಲಿ ಪಡಸಾಲೆಯ ಜೋಕಾಲಿಯ ಸರಪಳಿ ಕಿರುಗುಟ್ಟುವುದನ್ನೂ, ಮೆಣಸಿನಕಾಯಿ ಸುಗ್ಗಿಯಲ್ಲಿ ಚೀಲ ಹೇರಿಕೊಂಡು ಹೋಗುವ ಗಾಡಿಗಳ ಸದ್ದನ್ನೂ ಹಿಡಿದಿಟ್ಟುಕೊಂಡೆ. ನಡುವೆ ಅವ್ವನ ಸೀನು ಇದೆ. ಮೆಣಸಿನಕಾಯಿ ಘಾಟಿಗೆ ಆ ಊರಿನಲ್ಲಿ ಸೀನದವರು ಯಾರು! ಅದನ್ನು ಕತ್ತರಿಸಲಿಲ್ಲ. ಮಿಕ್ಸ್‌ಗೆ ಸೇರಿಸುವ ಸದ್ದಿನ ತುಣುಕು ಹದಿನೈದು ಸೆಕೆಂಡಿಗಿಂತ ಉದ್ದ ಬೇಡ.

ಹಾಡಿನ ನಡುವಿನ ಮೌನವನ್ನೂ ನೀವೇ ಅಳೆಯಿರಿ. ಸಾಮಾನ್ಯಕ್ಕೆ ಎರಡು ಸೆಕೆಂಡು ಸಾಕು, ಭಾರದ ಹಾಡಿನ ನಂತರ ಐದಾರು ಬೇಕಾಗುತ್ತದೆ.

ಕಂಪ್ಯೂಟರಿನ ಕೆಲಸ

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಕೊಂಡ ಫೈಲುಗಳನ್ನು ಇಂಪೋರ್ಟ್ ಮಾಡಿ, ಒಂದರ ಕೆಳಗೊಂದು ಟ್ರ್ಯಾಕ್ ಆಗಿ ಬರುತ್ತವೆ. ಅವನ್ನು ಎಳೆದು ಒಂದರ ಹಿಂದೊಂದು ಇಡಿ. ಹಳೆಯ ಕ್ಯಾಸೆಟ್ಟಿನಿಂದ ಬಂದ ಹಾಡು ಮೆಲ್ಲಗೆ, ಹೊಸದು ಜೋರಾಗಿ ಕೇಳುವುದು ಸಹಜ. ಎಫೆಕ್ಟ್ ಮೆನುವಿನಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಇದೆ. ಅಲ್ಲಿ ಮೊದಲೇ ಇರುವ -23 ಅನ್ನು ತೆಗೆದು -16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಹಾಕಿ, ಒಂದೊಂದು ಟ್ರ್ಯಾಕಿಗೂ ಮಾಡಿ. ಅಷ್ಟಕ್ಕೇ ಬಿಡಬೇಡಿ. ಯಂತ್ರ ಜೋಗುಳವನ್ನೂ ರಾಕ್ ಹಾಡನ್ನೂ ಸಮ ಮಾಡಿಬಿಡುತ್ತದೆ. ಜೋಗುಳವನ್ನು ಎರಡು ಮೂರು ಡೆಸಿಬಲ್ ಇಳಿಸಿ, ಅದು ಹತ್ತಿರ ಬಂದು ಹಾಡಿದ ಹಾಗೆ ಇರಲಿ. ಕೊನೆಗೆ ಎಲ್ಲವನ್ನೂ ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಒಂದೇ ಫೈಲಾದರೆ ನಡುವೆ ಹಾರಿಸಿ ಕೇಳುವ ಚಪಲ ಕಡಿಮೆಯಾಗುತ್ತದೆ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇಳಿಸಿಕೊಂಡ ಹಾಡುಗಳನ್ನು ಹೀಗೆ ಹೊರತೆಗೆಯಲು ಬರುವುದಿಲ್ಲ. ಆ್ಯಪ್‌ನಲ್ಲೇ ಪಟ್ಟಿ ಮಾಡುವುದಾದರೆ ಶಫಲ್ ಆಫ್ ಮಾಡಿ, ಒಂದು ಹಾಡನ್ನು ಮುಂದಿನದರೊಳಗೆ ಬೆರೆಸುವ ಕ್ರಾಸ್‌ಫೇಡ್ ಅನ್ನು ಸೊನ್ನೆಗೆ ತನ್ನಿ. ಹಕ್ಕುಗಳ ಒಪ್ಪಂದ ಮುಗಿದರೆ ಹಾಡು ಪಟ್ಟಿಯಿಂದ ಮಾಯವಾಗುತ್ತದೆ, ಹಾಗಾಗಿ ಹೆಸರುಗಳನ್ನು ಕಾಗದದಲ್ಲೂ ಬರೆದಿಡಿ.

ಯಾರಿಗಾದರೂ ಕೊಡುವುದಾದರೆ

ಒಬ್ಬರಿಗಾಗಿ ಕಟ್ಟುವ ಮಿಕ್ಸ್‌ನಲ್ಲಿ ಅವರ ಮೇಲಿನ ದೂರು ಇರಬಾರದು. ಹೇಳಬೇಕಾದ ಜಗಳವನ್ನು ಬಾಯಿಬಿಟ್ಟೇ ಹೇಳಿ. ಜೊತೆಗೆ ಒಂದು ಹಾಳೆಯಲ್ಲಿ ಹಾಡು, ಹಾಡಿದವರು, ಎಲ್ಲಿ ಕೊಳ್ಳಬಹುದು ಎಂಬುದನ್ನು ಬರೆದು ಕೊಡಿ. ಯೂಟ್ಯೂಬಿಗೆ ಹಾಕಬೇಡಿ, ಹಾಡು ಹಾಡಿದವರದ್ದು. ಸಣ್ಣ ತಂಡಗಳಿಗೆ ಒಂದೊಂದು ಖರೀದಿಯೂ ಲೆಕ್ಕಕ್ಕೆ ಬರುತ್ತದೆ.

ಬ್ಯಾಡಗಿಯ ಮಿಕ್ಸ್ ಅನ್ನು ಅವ್ವನಿಗೆ ಕೇಳಿಸಿದೆ. ಇಂಗ್ಲಿಷ್ ಹಾಡಿಗೂ ಕಾಶ್ಮೀರಿ ಹಾಡಿಗೂ ಸುಮ್ಮನೆ ಕೂತಿದ್ದಳು. ಜೋಕಾಲಿ ಸದ್ದು ಬಂದಾಗ, ‘ಸರಪಳಿಗೆ ಎಣ್ಣಿ ಬಿಡಂತ ನಿಮ್ಮಪ್ಪಗ ಎಷ್ಟು ಸಲ ಹೇಳಿದ್ನಿ’ ಅಂದಳು. ಆಮೇಲೆ ಅರ್ಧ ಗಂಟೆ ಅಪ್ಪನ ಮಾತೇ ಆಡಿದಳು, ಸತ್ತ ಮೇಲೆ ಮೊದಲ ಸಲ.

ಮುಗಿದ ಮಿಕ್ಸ್‌ಗೆ ಊರೋ ಕೋಣೆಯೋ, ತಿಂಗಳೋ ಇರುವ ಹೆಸರು ಕೊಡಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇಡಿ, ಹಾಡಿನ ಪಟ್ಟಿಯೂ ನೋಟ್ಸ್‌ನ ಸಾಲುಗಳೂ ಅದೇ ಫೋಲ್ಡರಿನಲ್ಲಿರಲಿ. ಮುಂದಿನ ವರ್ಷ ಕೇಳಿದಾಗ ‘ಈ ಹಾಡು ತೆಗೆದು ಇನ್ನೊಂದು ಹಾಕೋಣ’ ಅನ್ನಿಸಿಯೇ ಅನ್ನಿಸುತ್ತದೆ. ಹಳೆಯದನ್ನು ಮುಟ್ಟಬೇಡಿ, ಆ ಹೊಸ ಹಾಡನ್ನು ನೋಟ್ಸ್‌ನ ಹೊಸ ಪುಟದ ಮೇಲೆ ಮೊದಲನೆಯದಾಗಿ ಬರೆದುಕೊಳ್ಳಿ.