ಗಾಯ ಮುಚ್ಚಿಡದಂತೆ ಬಹುಮಾನ ಕೊಡುವುದು ಹೇಗೆ?

ಪ್ರತಿ ವರ್ಷ ಮಾರ್ಚ್ 4 ಹತ್ತಿರವಾಗುತ್ತಿದ್ದಂತೆ ಪೀಣ್ಯದಿಂದ ಬೆಳಗಾವಿಯ ಉದ್ಯಮಬಾಗದವರೆಗೆ ಕಾರ್ಖಾನೆಗಳ ಗೇಟಿನಲ್ಲಿ ಹೊಸ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. 1966ರ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ ನೆನಪಿಗೆ ನಡೆಯುವ ಸುರಕ್ಷತಾ ದಿನದಂದು ಪ್ರತಿಜ್ಞೆ ಬೋಧಿಸಿ, ಸಿಹಿ ಹಂಚಿ, ಅಪಘಾತವಿಲ್ಲದೆ ಇಷ್ಟು ದಿನ ಪೂರೈಸಿದರೆ ಎಲ್ಲರಿಗೂ ಪ್ರೆಷರ್ ಕುಕ್ಕರ್ ಎಂದು ಘೋಷಿಸುವ ಆಡಳಿತಗಳನ್ನು ಹಲವು ಕಡೆ ಕಂಡಿದ್ದೇನೆ. ಅಂಥ ಒಂದು ಪ್ರೆಸ್ ಶಾಪಿನಲ್ಲಿ, ಅಂದರೆ ಯಂತ್ರದಿಂದ ತಗಡು ಒತ್ತಿ ಬಿಡಿಭಾಗ ತಯಾರಿಸುವಲ್ಲಿ, 200 ದಿನಗಳ ಗುರಿಗೆ ಎರಡು ವಾರ ಬಾಕಿಯಿದ್ದಾಗ ಆಪರೇಟರೊಬ್ಬರ ಬೆರಳ ತುದಿ ಸೀಳಿತು. ಅವರು ಕಾಟನ್ ವೇಸ್ಟ್ ಸುತ್ತಿಕೊಂಡು ಶಿಫ್ಟ್ ಮುಗಿಸಿದರು. ಕೀವು ಕಟ್ಟಿದ ಮೇಲೆ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯ ಬಾಗಿಲಿಗೆ ಸಿಕ್ಕಿತೆಂದು ಹೇಳಿದರು. ಕೆಲಸದ ವೇಳೆಯ ಗಾಯವೆಂದು ಬರೆಸಿದ್ದರೆ ರಜೆಯ ದಿನಗಳಿಗೆ ಸರಾಸರಿ ಕೂಲಿಯ ಶೇ 90ರಷ್ಟು ಸಿಗುತ್ತಿತ್ತು, ಸಾಮಾನ್ಯ ಅನಾರೋಗ್ಯವೆಂದಾಗ ಶೇ 70 ಮಾತ್ರ. ಕುಕ್ಕರ್ ಎಲ್ಲರಿಗೂ ಬಂತು, ಬೆರಳು ಸೀಳಿದ ಯಂತ್ರ ಇದ್ದಂತೆಯೇ ಇತ್ತು.

ಹಂತ 1: ಈಗಿರುವ ಇನ್‌ಸೆಂಟಿವ್ ಪರೀಕ್ಷಿಸಿ

ಸುರಕ್ಷತೆಗೆ ಹೊಸ ಬಹುಮಾನ ಯೋಚಿಸುವ ಮೊದಲು ಉತ್ಪಾದನೆಗೆ ನೀವು ಈಗಾಗಲೇ ಕೊಡುತ್ತಿರುವ ಇನ್‌ಸೆಂಟಿವ್ ಏನು ಮಾಡಿಸುತ್ತಿದೆ ಎಂಬುದನ್ನು ನೋಡಬೇಕು. ಪವರ್ ಪ್ರೆಸ್‌ಗೆ ಎರಡು ಬಟನ್ ಇರುವುದು ಎರಡೂ ಕೈಗಳು ತಗಡು ಒತ್ತುವ ಅಚ್ಚಿನಿಂದ (ಡೈ) ಹೊರಗಿರಲಿ ಎಂಬ ಕಾರಣಕ್ಕೆ. ತುಂಡಿನ ಲೆಕ್ಕದಲ್ಲಿ ಹಣ ಕೊಡುವ ಕಡೆ ಒಂದು ಬಟನ್ನಿಗೆ ಮರದ ಚೂರು ಸಿಕ್ಕಿಸಿ, ಒಂದೇ ಕೈಯಲ್ಲಿ ಒತ್ತಿ, ಇನ್ನೊಂದು ಕೈಯಿಂದ ತುಂಡು ತೆಗೆಯುವುದನ್ನು ಸಂಜೆಯ ಶಿಫ್ಟಿನಲ್ಲಿ ಹೋಗಿ ನಿಂತರೆ ನೀವೇ ಕಾಣುವಿರಿ. ಯಂತ್ರಕ್ಕೆ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ) ಹಾಕಿಕೊಂಡು ತಲುಪಬಹುದಾದ ಸಂಖ್ಯೆಯನ್ನೇ ಗುರಿಯಾಗಿಡಿ. ಅದನ್ನು ಮೀರಿದ ತುಂಡುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 2: ಸಾಮಗ್ರಿ

ಹೆಲ್ಮೆಟ್ ಕೊಳ್ಳುವಾಗ ಕೈಗಾರಿಕಾ ಹೆಲ್ಮೆಟ್ಟಿನ ಭಾರತೀಯ ಮಾನಕವಾದ ಐಎಸ್ 2925ರ ಗುರುತು ನೋಡಿ ಕೊಳ್ಳಿ. ರಸ್ತೆ ಬದಿಯ ಹಳದಿ ಪ್ಲಾಸ್ಟಿಕ್ ಟೋಪಿ ಫೋಟೊಗೆ ಮಾತ್ರ ಆದೀತು. ಡ್ರಿಲ್ಲಿಂಗ್ ಯಂತ್ರದವರಿಗೂ ಲೇತ್‌ನವರಿಗೂ ಗ್ಲೌಸ್ ಹಂಚುವ ಉತ್ಸಾಹ ಖಂಡಿತ ಬೇಡ. ತಿರುಗುವ ಡ್ರಿಲ್ ಬಿಟ್‌ಗೆ ಬಟ್ಟೆಯ ಎಳೆ ಸಿಕ್ಕಿದರೆ ಅದರ ಹಿಂದೆ ಕೈಯೂ ಹೋಗುತ್ತದೆ.

ಹಂತ 3: ಬಹುಮಾನ ಯಾವುದಕ್ಕೆ?

ಬಹುತೇಕರು ಎಡವುವುದು ಇಲ್ಲಿ. ಅಪಘಾತ ಆಗದಿರುವುದಕ್ಕೆ ಬಹುಮಾನವಿಟ್ಟರೆ ಗಾಯವನ್ನು ಹೇಳಿಕೊಂಡವನು ಐವತ್ತು ಜನರ ಕುಕ್ಕರ್ ಕಳೆದವನಾಗುತ್ತಾನೆ. ಆಡಳಿತವೂ ಲೆಕ್ಕದ ಆಟಕ್ಕೆ ಇಳಿಯುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ 48 ಗಂಟೆಗಳ ಗೆರೆಯೊಂದಿದೆ. ಗಾಯಗೊಂಡವರು ಅಷ್ಟು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು. ಅದನ್ನು ತಪ್ಪಿಸಲು ಕೈಗೆ ಬ್ಯಾಂಡೇಜ್ ಕಟ್ಟಿಸಿಕೊಂಡವರನ್ನು ಮರುದಿನವೇ ಕಾರಿನಲ್ಲಿ ಕರೆತಂದು ಆಫೀಸಿನ ಕುರ್ಚಿಯಲ್ಲಿ ಕೂರಿಸಿ ಹಾಜರಿ ಹಾಕಿಸುವ ಜಾಣತನವನ್ನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಗೇಟಿನಲ್ಲಿರುವ, ಅಪಘಾತವಿಲ್ಲದ ದಿನಗಳ ಎಣಿಕೆಯ ಬೋರ್ಡನ್ನು ಮೊದಲು ಇಳಿಸಿ.

ಬಹುಮಾನ ಕೊಡಬೇಕಾದದ್ದು ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ, ಆಗಬಹುದಾದ ಅಪಾಯವನ್ನೂ ಮುಂಚಿತವಾಗಿ ತಿಳಿಸಿದವರಿಗೆ. ಆದರೆ ಹಾಗೆ ತಿಳಿಸಿ ಪೆಟ್ಟಿಗೆಗೆ ಹಾಕುವ ಚೀಟಿಯೊಂದಕ್ಕೆ ಐವತ್ತು ರೂಪಾಯಿ ಎಂದು ಘೋಷಿಸಿದರೆ ಮೊದಲ ತಿಂಗಳಲ್ಲೇ 'ನೆಲದಲ್ಲಿ ನೀರು ಚೆಲ್ಲಿದೆ' ಎಂಬ ಚೀಟಿಗಳ ರಾಶಿ ಬೀಳುತ್ತದೆ. ಹಾಗಾಗಿ ಚೀಟಿಯಲ್ಲಿ ಮೂರೇ ಪ್ರಶ್ನೆಗಳಿರಲಿ: ಯಾವ ಯಂತ್ರ ಅಥವಾ ಯಾವ ಜಾಗ, ಯಾರಿಗೆ ಏನು ಪೆಟ್ಟಾಗಬಹುದಿತ್ತು, ಏನನ್ನು ಬದಲಿಸಬೇಕು. ಪ್ರತಿ ಶನಿವಾರ ಅರ್ಧ ಗಂಟೆ ಶಿಫ್ಟಿಗೊಬ್ಬರಂತೆ ಆಪರೇಟರುಗಳು, ಮೆಂಟೆನೆನ್ಸ್‌ನ ಒಬ್ಬರು ಮತ್ತು ಒಬ್ಬ ಸೂಪರ್‌ವೈಸರ್ ಕುಳಿತು ಚೀಟಿಗಳನ್ನು ಓದಬೇಕು. ಪ್ರೊಡಕ್ಷನ್ ಮ್ಯಾನೇಜರ್ ಅಲ್ಲಿ ಕೂರಲೇಬಾರದು, ಏಕೆಂದರೆ ಯಂತ್ರ ನಿಲ್ಲಿಸಬೇಕೆಂಬ ಸಲಹೆ ಅವರ ಮುಖ ನೋಡುತ್ತಲೇ ಗಂಟಲಲ್ಲಿ ಉಳಿಯುತ್ತದೆ. ಮೂರನೆಯ ಪ್ರಶ್ನೆಗೆ ಕೆಲಸಕ್ಕೆ ಬರುವ ಉತ್ತರ ಬರೆದ ಚೀಟಿಗೆ ಆ ವಾರವೇ ಬಹುಮಾನ ಸಿಗಬೇಕು.

ದುರಸ್ತಿ ಮುಗಿಯುವವರೆಗೆ ಬಹುಮಾನ ತಡೆಹಿಡಿಯುವುದು ಇನ್ನೊಂದು ತಪ್ಪು. ಗಾರ್ಡ್ ತರಿಸಲು ತಡಮಾಡುವುದು ಆಡಳಿತ, ಅದರ ದಂಡವನ್ನು ಚೀಟಿ ಬರೆದವರು ತೆರಬೇಕಿಲ್ಲ. ದುರಸ್ತಿಯ ವೇಗವನ್ನು ಸೂಪರ್‌ವೈಸರುಗಳ ವಾರ್ಷಿಕ ಇನ್‌ಕ್ರಿಮೆಂಟಿಗೆ ಜೋಡಿಸಿ, ಬಾಕಿ ಉಳಿದ ಚೀಟಿಗಳನ್ನು ಕಾರಣಸಹಿತ ಕ್ಯಾಂಟೀನಿನ ಗೋಡೆಗೆ ಅಂಟಿಸಿ. ತನ್ನದೇ ತಪ್ಪನ್ನು ಒಪ್ಪಿ ಬರೆದ ಒಬ್ಬರಿಗೆ ಮೆಮೊ ಕೊಟ್ಟಿರೋ, ಚೀಟಿಯ ಪೆಟ್ಟಿಗೆ ವರ್ಷಪೂರ್ತಿ ಖಾಲಿಯಾಗಿರುತ್ತದೆ.

ಬಹುಮಾನ ನಗದಾಗಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಬಳದ ಜೊತೆ ಸೇರಿದ ಹಣ ಮೂರು ತಿಂಗಳಲ್ಲಿ ಸಂಬಳವೇ ಆಗಿಬಿಡುತ್ತದೆ. ಮನೆಗೆ ಒಯ್ಯುವ ಸ್ಟೀಲ್ ಡಬ್ಬಿಯನ್ನು ಶಿಫ್ಟ್ ಆರಂಭದಲ್ಲಿ ಎಲ್ಲರೆದುರು, ಯಾವ ಅಪಾಯ ತಪ್ಪಿತೆಂದು ಹೇಳಿ ಕೊಟ್ಟರೆ ಆ ಮಾತು ಇಡೀ ಸಾಲಿಗೆ ಕೇಳಿಸುತ್ತದೆ. ಲಾಟರಿ ಎತ್ತುವ ಪದ್ಧತಿಯಂತೂ ಬೇಡವೇ ಬೇಡ.

ಹಂತ 4: ಎಲ್ಲರನ್ನೂ ಸೇರಿಸಿ

ಕಾಂಟ್ರ್ಯಾಕ್ಟ್ ಕಾರ್ಮಿಕರನ್ನು ಹೊರಗಿಡಬೇಡಿ, ಅಪಾಯದ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬಂದಿರುತ್ತದೆ. ಚೀಟಿ ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಬರೆಯಲು ಬಾರದವರು ಆಯ್ದ ಒಬ್ಬ ಆಪರೇಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡಿ ಕಳಿಸಲಿ.

ಹಂತ 5: ಮಾಲೀಕರನ್ನು ಸಿದ್ಧಪಡಿಸಿ

ಸಲಹೆಗಾರರು ಒಂದು ದೊಡ್ಡ ಅಪಘಾತದ ಕೆಳಗೆ 29 ಸಣ್ಣವು, 300 ಗಾಯವಿಲ್ಲದವು ಎಂಬ ತ್ರಿಕೋನದ ಚಿತ್ರವನ್ನು ತೋರಿಸುತ್ತಾರೆ. 1931ರಲ್ಲಿ ಅಮೆರಿಕದ ಸುರಕ್ಷತಾ ತಜ್ಞ ಹೈನ್ರಿಚ್ ಮಂಡಿಸಿದ ಆ ಅನುಪಾತವನ್ನು ನಂತರದವರು ಪ್ರಶ್ನಿಸಿದ್ದಾರೆ, ನಿಮ್ಮ ಶಾಪಿನ ಲೆಕ್ಕ ಅದಕ್ಕೆ ಹೊಂದಬೇಕಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಯೋಜನೆ ಸರಿಯಾಗಿ ನಡೆದರೆ ಮೊದಲ ತಿಂಗಳುಗಳಲ್ಲಿ ದಾಖಲಾಗುವ ಸಣ್ಣ ಗಾಯಗಳ ಸಂಖ್ಯೆ ಏರುತ್ತದೆ, ಏಕೆಂದರೆ ಮುಚ್ಚಿಟ್ಟವು ಹೊರಬರುತ್ತವೆ. ಇದನ್ನು ಆರಂಭಕ್ಕೆ ಮೊದಲೇ ಮಾಲೀಕರಿಗೆ ಬರೆದು ತಿಳಿಸಿ, ಪ್ರತಿಯ ಮೇಲೆ ಅವರ ಸಹಿ ಪಡೆದಿಟ್ಟುಕೊಳ್ಳಿ. ಇಲ್ಲವಾದರೆ ಎರಡನೆಯ ತಿಂಗಳ ವರದಿ ನೋಡಿ ಗಾಬರಿಯಾಗಿ, ಇಳಿಸಿಟ್ಟ ಬೋರ್ಡನ್ನು ಮತ್ತೆ ಗೇಟಿಗೆ ಹಾಕಿಸುತ್ತಾರೆ.