ಚಳಿಗಾಲದಲ್ಲಿ ಕಾರಿನ ಬ್ರೇಕ್ ಕಿರುಚಿದಾಗ ನಾನು ಕಾರಣ ಹುಡುಕಿದ ಬಗೆ

ಡಿಸೆಂಬರ್, ಜನವರಿಯಲ್ಲಿ ಮಡಿಕೇರಿಯ ಬೆಳಗು 10–12 ಡಿಗ್ರಿಯಲ್ಲಿ ಶುರುವಾಗುತ್ತದೆ. ರಾತ್ರಿಯೆಲ್ಲ ಅಂಗಳದಲ್ಲಿ ಇಬ್ಬನಿಗೆ ನೆನೆದ ಕಾರು ಗೇಟು ದಾಟುವಷ್ಟರಲ್ಲಿ ಕೀಂಯ್ ಎನ್ನುತ್ತದೆ. "ಪ್ಯಾಡ್ ಹೋಗಿದೆ, ಹೊಸದು ಹಾಕಿಸಿ" ಎಂದು ಹೇಳುವವರು ಬೇಕಾದಷ್ಟು ಜನ. ಅದು ನಿಜವಾಗಿರಬಹುದು, ಸುಮ್ನೆ ಖರ್ಚೂ ಆಗಬಹುದು. ನನ್ನ ಕಾರಿನ ಬ್ರೇಕ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಮುಂದೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ, ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಒತ್ತಿ ಹಿಡಿಯುತ್ತವೆ), ಹಿಂದೆ ಡ್ರಮ್ ಇರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಅದು. ಚಕ್ರ ಬಿಚ್ಚುವ ಮೊದಲು ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗಮನಿಸುವುದೇ ಅರ್ಧ ಕೆಲಸ ಎಂದು ನಾನು ನಂಬಿದ್ದೇನೆ.

ಮೊದಲು ನೋಡಬೇಕಾದದ್ದು, ಅದು ಬ್ರೇಕಿನ ಸದ್ದೇ ಹೌದಾ ಅಂತ. ಚಳಿಗೆ ಫ್ಯಾನ್ ಬೆಲ್ಟ್ ಕೂಡ ಕಿರುಚುತ್ತದೆ. ಕಾರು ನಿಂತಲ್ಲೇ ಸ್ವಲ್ಪ ರೇಸ್ ಕೊಟ್ಟಾಗ ಸದ್ದು ಬಂದರೆ ಬೆಲ್ಟ್ ಕಡೆ ನೋಡಿ. ಚಕ್ರ ಉರುಳಿದಾಗ ಮಾತ್ರ ಬಂದರೆ ಬ್ರೇಕಿನ ಕಡೆ ಬನ್ನಿ.

ಯಾವ ಚಕ್ರ ಎಂದು ಗೊತ್ತಾಗಲು ಉದ್ದನೆಯ ಕಾಂಪೌಂಡ್ ಗೋಡೆ ಇರುವ ರಸ್ತೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕಿಟಕಿ ಇಳಿಸಿ, ರೇಡಿಯೋ ಆಫ್ ಮಾಡಿ, ಗೋಡೆಗೆ ಹತ್ತಿರವಾಗಿ ನಿಧಾನಕ್ಕೆ ಹೋಗುತ್ತೇನೆ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ವಾಪಸ್ ಬರುವಾಗ ಇನ್ನೊಂದು ಬದಿಯ ಸರದಿ.

ಬೆಳಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ ಕಿರುಚಿ, ಆಮೇಲೆ ಇಡೀ ದಿನ ಸುಮ್ಮನಿದ್ದರೆ ನಾನು ಏನೂ ಬಿಚ್ಚುವುದಿಲ್ಲ. ಡಿಸ್ಕ್ ಎರಕದ ಕಬ್ಬಿಣದ್ದು. ಇಬ್ಬನಿ ಬಿದ್ದರೆ ಒಂದೇ ರಾತ್ರಿಯಲ್ಲಿ ತೆಳ್ಳಗೆ ಕಂದು ತುಕ್ಕು ಕೂರುತ್ತದೆ. ಟಾರ್ಚ್ ಬಿಟ್ಟು ಚಕ್ರದ ಸಂದಿಯಿಂದ ನೋಡಿದರೆ ಕಾಣುತ್ತದೆ. ಪ್ಯಾಡ್ ಅದನ್ನು ಉಜ್ಜಿ ತೆಗೆದ ಮೇಲೆ ಸದ್ದು ನಿಲ್ಲುತ್ತದೆ. ಲೋಹದ ಅಂಶ ಜಾಸ್ತಿ ಇರುವ ಸೆಮಿ ಮೆಟಾಲಿಕ್ ಪ್ಯಾಡುಗಳು ಬಿಸಿಯಾಗುವ ತನಕ ಇನ್ನೂ ಜಾಸ್ತಿ ಕೂಗುತ್ತವೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಚುತ್ತದಲ್ವಾ, ಅದೇ ಲೆಕ್ಕ: ಅಂಟುವುದು, ಜಾರುವುದು, ಮತ್ತೆ ಅಂಟುವುದು, ಇದೆಲ್ಲ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ.

ಈ ಸದ್ದಿಗೆ ಪ್ಯಾಡಿನ ಮೇಲೆ ಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಸದ್ದೇನೋ ನಿಲ್ಲಬಹುದು, ಜೊತೆಗೆ ಬ್ರೇಕೂ ಹಿಡಿಯದೆ ಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ಕಾರಿನ ಸದ್ದು ಬದಲಾಯಿತು. ಊರೊಳಗೆ ಸುತ್ತಿ ಬ್ರೇಕ್ ಚೆನ್ನಾಗಿ ಬಿಸಿಯಾದ ಮೇಲೂ ಎಡಗಡೆ ಮುಂದಿನ ಚಕ್ರದಿಂದ ಸಣ್ಣ ಕೀರಲು ಸದ್ದು. ಬ್ರೇಕ್ ಒತ್ತದೆ ಇದ್ದಾಗಲೂ ಇತ್ತು, ಒತ್ತಿದರೆ ಕಡಿಮೆಯಾಗುತ್ತಿತ್ತು. ಇದನ್ನು ಚಳಿಯ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಎಷ್ಟೋ ಪ್ಯಾಡುಗಳಿಗೆ ಒಂದು ಸಣ್ಣ ಉಕ್ಕಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡ್ ಸುಮಾರು 2–3 ಮಿಲಿಮೀಟರಿಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಎಚ್ಚರಿಸಲೆಂದೇ ಇಟ್ಟದ್ದು.

ಆದಷ್ಟು ಬ್ರೇಕ್ ಹಾಕದೆ ಒಂದು ಸುತ್ತು ಹೋಗಿ ಬಂದೆ. ಎರಡೂ ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿದೆ. ಮುಟ್ಟಲಿಲ್ಲ, ಡಿಸ್ಕ್ ಮುಟ್ಟಿದರೆ ಸುಡುತ್ತದೆ. ಬಲಗಡೆ ಬೆಚ್ಚಗಿತ್ತು ಅಷ್ಟೇ, ಎಡಗಡೆಯಿಂದ ಝಳ ಬರುತ್ತಿತ್ತು. ಅಂದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ.

ಪೂರ್ತಿ ತಣ್ಣಗಾದ ಮೇಲೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಜಾಕಿ ಏರಿಸಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕಿಯ ನಂಬಿಕೆಯಲ್ಲಿ ಯಾರೂ ಕೈ ಒಳಗೆ ಹಾಕಬಾರದು. ಗೇರ್ ನ್ಯೂಟ್ರಲ್‌ಗೆ ತಂದು ಚಕ್ರ ತಿರುಗಿಸಿದರೆ ಬಿಗಿಯಾಗಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಮೇಲೆತ್ತಿದಾಗ ವಿಷಯ ಗೊತ್ತಾಯಿತು. ಹೊರಗಿನ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಪಿಸ್ಟನ್ (ಪೆಡಲ್ ತುಳಿದಾಗ ಮುಂದೆ ಬಂದು ಪ್ಯಾಡನ್ನು ತಳ್ಳುವ ಭಾಗ) ಕಡೆಯ ಒಳಗಿನ ಪ್ಯಾಡ್ ಮುಗಿಯಲು ಬಂದಿತ್ತು. ಹೊರಗಿನಿಂದ ಇಣುಕಿ "ಪ್ಯಾಡ್ ಇದೆ" ಎಂದು ಹೇಳಿಬಿಡುವುದು ಅದಕ್ಕೇ ಸಾಲದು.

ಒಂದೇ ಕಡೆ ಹೀಗೆ ಸವೆದರೆ ಮೊದಲ ಅನುಮಾನ ಸ್ಲೈಡ್ ಪಿನ್ ಮೇಲೆ. ಕ್ಯಾಲಿಪರ್ ಈ ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ನನ್ನದರಲ್ಲಿ ಒಂದು ಪಿನ್ನಿನ ರಬ್ಬರ್ ಬೂಟ್ ಹರಿದಿತ್ತು. ಮಳೆಗಾಲದ ನೀರು ಒಳಗೆ ಹೋಗಿ, ಗ್ರೀಸ್ ಗಟ್ಟಿಯಾಗಿ, ಪಿನ್ ತುಕ್ಕು ಹಿಡಿದು ಕೂತಿತ್ತು. ಚಳಿಗೆ ಅದು ಇನ್ನಷ್ಟು ಬಿಗಿದಿತ್ತು. ಪಿನ್ ತೆಗೆದು ಬ್ರೇಕ್ ಕ್ಲೀನರಿನಲ್ಲಿ ತೊಳೆದು, ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿದೆ. ಗುಳಿ ಬಿದ್ದಿದ್ದರೆ ಪಿನ್ನನ್ನೇ ಬದಲಿಸಬೇಕಿತ್ತು. ಹೊಸ ಬೂಟ್ ಹಾಕಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಪಿನ್ ಸಿಕ್ಕಿಕೊಳ್ಳುತ್ತದೆ. ಧೂಳನ್ನು ಬಾಯಲ್ಲಾಗಲಿ ಗಾಳಿ ಪೈಪಿನಿಂದಾಗಲಿ ಊದಬೇಡಿ. ಶ್ವಾಸಕ್ಕೆ ಕೆಟ್ಟದ್ದು.

ಪ್ಯಾಡ್ ಮಾತ್ರ ಎಡ ಬಲ ಎರಡಕ್ಕೂ ಹೊಸದು ಹಾಕಿದೆ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಹೊಡೆದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಎಂದು ಅಚ್ಚು ಹಾಕಿರುತ್ತಾರೆ, ಅಳೆದು ನೋಡಿದೆ, ಸರಿಯಿತ್ತು.

ನಮ್ಮ ಕಡೆ ಇನ್ನೆರಡು ಕಾರಣ ಸಿಗುತ್ತವೆ. ಸಂಪಾಜೆ ಘಾಟಿಯನ್ನು ಇಡೀ ದಾರಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡ್ ಕಾದು ಕನ್ನಡಿಯಂತೆ ಹೊಳಪು ಬರುತ್ತದೆ. ಆಮೇಲೆ ಬಿಸಿಲಲ್ಲೂ ಕಿರುಚುತ್ತದೆ. ಎರಡು, ಮೂರನೇ ಗೇರಿನಲ್ಲಿ ಇಳಿಯಬೇಕು. ಇನ್ನು ತೋಟದ ರಸ್ತೆಯ ಸಣ್ಣ ಕಲ್ಲು ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಸಿಕ್ಕಿದರೆ ಕರಕರ ಎನ್ನುತ್ತದೆ. ಸ್ವಲ್ಪ ರಿವರ್ಸ್ ಹೋದರೆ ಕೆಲವೊಮ್ಮೆ ತಾನೇ ಬಿದ್ದುಹೋಗುತ್ತದೆ.

ಹಿಂದಿನ ಡ್ರಮ್ಮಿನ ವಿಷಯಕ್ಕೆ, ಒದ್ದೆ ರಾತ್ರಿಯಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದಿಟ್ಟರೆ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತುವ ಭಾಗ) ಡ್ರಮ್ಮಿಗೆ ಅಂಟಿ, ಬೆಳಗ್ಗೆ ಟಕ್ ಎಂದು ಬಿಡುತ್ತದೆ. ಸಮತಟ್ಟು ಅಂಗಳವಾದರೆ ನಾನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ಒತ್ತಿರುತ್ತೀರಿ. ಹಾಗಾಗಿ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಲೇಬೇಕು. ಇಲ್ಲದಿದ್ದರೆ ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದು, ತಣ್ಣಗಾಗಲು ಸ್ವಲ್ಪ ಓಡಿಸುವುದು, ಮತ್ತೆ ಇಳಿಸುವುದು. ಹೀಗೆ ಎಂಟು ಹತ್ತು ಸಲ ಮಾಡಿದರೆ ಪ್ಯಾಡ್ ಡಿಸ್ಕಿಗೆ ಕೂರುತ್ತದೆ. ಮನೆಗೆ ಬಂದು ವೀಲ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿದೆ, ಚಕ್ರಗಳ ಹತ್ತಿರ ಕೈ ಹಿಡಿದೆ. ಎರಡೂ ಕಡೆ ಬಿಸಿ ಒಂದೇ ಸಮ ಇತ್ತು.