ಮೊದಲ ಎಂಟು ಫಾರ್ಮು ಏನೂ ಆಗೋದಿಲ್ಲ

ನಾನು ಗದಗ-ಬೆಟಗೇರಿಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಪ್ರೆಸ್ಸಿನಿಂದ ಅಚ್ಚಾದ ಹಾಳೆ ನಮ್ಮ ಹತ್ತಿರ ಬರುತ್ತದೆ. ನಾವು ಮಡಚಿ, ಹೊಲಿದು, ಅಂಟು ಹಚ್ಚಿ, ಅಂಚು ಕತ್ತರಿಸಿ ಕೊಡುತ್ತೇವೆ. ದಿನವಿಡೀ ಕೈಯಲ್ಲಿ ಪುಸ್ತಕ ಇರುತ್ತದೆ, ಓದೋಕೆ ಮಾತ್ರ ಪುರಸೊತ್ತು ಇರುವುದಿಲ್ಲ. ಅದಕ್ಕೇ ಆಡಿಯೋಬುಕ್ ಕೇಳಲು ಶುರು ಮಾಡಿದೆ.

ಮೊದಲು ಪೂರ್ತಿ ಕೇಳಿದ್ದು ಒಂದು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ. ಹದಿಹರೆಯದವರಿಗಾಗಿ ಬರೆದದ್ದು. ನನಗೋ ಐವತ್ತು ಹತ್ತಿರ ಬಂತು. ಪಿಯುಸಿ ಓದುವ ಅಣ್ಣನ ಮಗಳು ಅದನ್ನು ಪುಸ್ತಕದಲ್ಲೇ ಓದಿ ಹುಚ್ಚಾಗಿದ್ದಳು. ಅವಳೇ ನನ್ನ ಫೋನಿಗೆ ಹಾಕಿಕೊಟ್ಟು, "ಕಾಕಾ, ಮೊದಲ ಸ್ವಲ್ಪ ಬೋರ್ ಆಗ್ತೈತಿ, ನಡುವ ಬಿಡಬ್ಯಾಡ್ರಿ ಮತ್ತ" ಅಂದಳು. ಕಾದಂಬರಿಯ ಹೆಸರು ಇಲ್ಲಿ ಹೇಳುವುದಿಲ್ಲ. ಕೆಳಗೆ ಅದರ ಒಂದು ಗುಟ್ಟು ಅರ್ಧ ಬಿಟ್ಟುಕೊಡಬೇಕಾಗಿದೆ, ಓದಬೇಕು ಅಂತಿರುವವರ ಶಾಪ ನನಗೆ ಬೇಡ.

ಆಡಿಯೋ ಒಟ್ಟು 14 ತಾಸು ಇತ್ತು. ಅದೇ ಪುಸ್ತಕ ಅಚ್ಚಿನಲ್ಲಿ 400 ಪುಟ. ನಮ್ಮ ಲೆಕ್ಕದಲ್ಲಿ 16 ಪುಟಕ್ಕೆ ಒಂದು ಫಾರ್ಮು, ಅಂದರೆ 25 ಫಾರ್ಮು. ಒಂದು ಫಾರ್ಮು ಕೇಳಿ ಮುಗಿಸಲು ಅರ್ಧ ತಾಸಿಗಿಂತ ಸ್ವಲ್ಪ ಜಾಸ್ತಿ ಬೇಕು. ಮಾಯಾಜಾಲ ಅನ್ನುವುದು ಮೊದಲ ಸಲ ಕಾಣುವುದು ಒಂಬತ್ತನೇ ಫಾರ್ಮಿನಲ್ಲಿ. ಅಲ್ಲಿಯವರೆಗೆ ನಾಲ್ಕೂವರೆ ತಾಸು ಏನಿದೆ? ಒಂದು ನದಿ, ದೋಣಿಗಟ್ಟೆ, ಸುಂಕ ವಸೂಲಿ ಮಾಡುವ ಹದಿನಾರರ ಹುಡುಗಿ. ಯಾವ ನಾಣ್ಯ ಎಲ್ಲಿಯದು, ಯಾವ ದೋಣಿಯವನು ಸುಂಕ ತಪ್ಪಿಸುತ್ತಾನೆ, ಹಗ್ಗ ಹೊಸೆಯುವ ಮುದುಕಿ ಗಂಟು ಹಾಕುವುದು ಹೇಗೆ, ಬರೀ ಇಂಥವೇ. ಪುಸ್ತಕದಲ್ಲಿ ಓದಿದ್ದರೆ ಮೂರನೇ ಫಾರ್ಮಿಗೇ ಪುಟದ ಕಿವಿ ಮಡಚಿ ಇಟ್ಟುಬಿಡುತ್ತಿದ್ದೆ. ಕೇಳಿದ್ದರಿಂದ ದಾಟಿದೆ. ಹೇಗೆ ದಾಟಿದೆ ಅನ್ನುವುದನ್ನೇ ಬರೆಯುತ್ತಿದ್ದೇನೆ.

ಎಲ್ಲ ಕೆಲಸಕ್ಕೂ ಕಥೆ ಕೂಡಿಬರುವುದಿಲ್ಲ. ಇದು ಬಹಳ ಮುಖ್ಯ. ಮಡಚುವ ಕೆಲಸ ಕೇಳುವುದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಹಾಳೆ ಎಳೆದುಕೊಳ್ಳುವುದು, ಮೂಲೆಗೆ ಮೂಲೆ ಕೂಡಿಸುವುದು, ಪಟ್ಟಿಯಿಂದ ಮಡಿಕೆ ಒತ್ತುವುದು, ತಿರುಗಿಸುವುದು, ಮತ್ತೆ ಒತ್ತುವುದು. ಮೂರು ಮಡಿಕೆಗೆ 16 ಪುಟ ಆಯಿತು. ಕೈಗೆ ಅದು ಎಷ್ಟು ರೂಢಿಯಾಗಿದೆ ಅಂದರೆ ತಲೆ ಅಲ್ಲಿ ಇರಬೇಕಾಗಿಯೇ ಇಲ್ಲ. ಹೊಲಿಗೆಯೂ ಹಾಗೇ, ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಥೆ ಸ್ವಲ್ಪ ಕೈತಪ್ಪುತ್ತದೆ. ಆದರೆ ಫಾರ್ಮು ಜೋಡಿಸುವಾಗ ಕೇಳೋಕೆ ಆಗುವುದಿಲ್ಲ. ಒಂದು, ಎರಡು, ಮೂರು ಅಂತ ಸಾಲಾಗಿ ಎತ್ತಿಕೊಂಡು ಹೋಗುವಾಗ ಬಾಯಲ್ಲಿ ಅಂಕಿ ಇರುತ್ತದೆ. ಕಿವಿಯಲ್ಲಿ ಯಾರೋ "ಏಳು ಗೋಪುರ" ಅಂದರೆ ಸಾಕು, ಐದನೇ ಫಾರ್ಮು ಇದ್ದ ಕಡೆ ಏಳು ಕೂತುಬಿಡುತ್ತದೆ. ಅಂಕಿ, ಅಕ್ಷರ, ಮಾತು ಇರುವ ಕೆಲಸ ಯಾವುದಿದ್ದರೂ ಅಷ್ಟೇ. ರಸೀದಿ ಬರೆಯುವಾಗಲೂ ಬಂದ್ ಮಾಡುತ್ತೇನೆ. ಇನ್ನು ಕಟಿಂಗ್ ಮಷಿನ್ ಹತ್ತಿರ ಹೋಗುವ ಮೊದಲು ಇಯರ್‌ಫೋನ್ ಕಿತ್ತು ಜೇಬಿಗೆ ಹಾಕುತ್ತೇನೆ. ಅದು ಬೆರಳಿನ ವಿಷಯ, ಚೌಕಾಸಿ ಇಲ್ಲ.

ಅಂಟಿನ ಕೆಲಸದಲ್ಲಿ ತೊಂದರೆ ಬೇರೆ. ನಾವು ಇವತ್ತಿಗೂ ರಟ್ಟಿಗೆ ಮೈದಾ ಅಂಟು ಕುದಿಸುತ್ತೇವೆ, ಹುಳ ಹತ್ತಬಾರದು ಅಂತ ಅದಕ್ಕೆ ಮೈಲುತುತ್ತ ಹಾಕುತ್ತೇವೆ. ಆ ಕೈಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ಯಾರಾದರೂ ಕರೆದರೆ ಕಥೆ ನಿಲ್ಲಿಸುವುದು ಹೇಗೆ? ತಂತಿಯ ಇಯರ್‌ಫೋನ್ ತೆಗೆದುಕೊಂಡೆ. ಗುಂಡಿ ಇರುವ ಭಾಗವನ್ನು ಅಂಗಿಯ ಕಾಲರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಮುಂಗೈ ಹಿಂಭಾಗದಿಂದ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಸಲ ಒತ್ತಿದರೆ ಮುಂದುವರಿಯುತ್ತದೆ. ಸ್ಮಾರ್ಟ್ ವಾಚಿನಂಥ ದುಬಾರಿ ಸಾಮಾನು ಏನೂ ಬೇಕಾಗಿಲ್ಲ. ಎಡಗಿವಿಗೆ ಮಾತ್ರ ಹಾಕುತ್ತೇನೆ, ಬಲಗಡೆಯಿಂದ ಗಿರಾಕಿ ಬರುತ್ತಾರೆ.

ಬೆಟಗೇರಿ ನೇಕಾರರ ಊರು. ನಮ್ಮ ಗೋಡೆಯ ಆಚೆಗೇ ಪವರ್‌ಲೂಮ್. ಕಥೆ ಹೇಳುವಾಕೆ ಪಿಸುಗುಟ್ಟಿದಾಗಲೆಲ್ಲ ಆಚೆಯಿಂದ ಖಟಕ್ ಖಟಕ್. ಅದಕ್ಕೆ ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್, ಅದೂ ವಾರಕ್ಕೆ 40 ತಾಸು. ರಬ್ಬರ್ ಬುಚ್ಚಿನ ಇಯರ್‌ಫೋನ್ ಹಾಕಿದ ಮೇಲೆ ಕಡಿಮೆ ದನಿಯಲ್ಲೇ ಕೇಳಿಸಿತು. ಗುಟ್ಟಿನ ಮಾತು ಜಾಸ್ತಿ ಇರುವ ಅಧ್ಯಾಯ ಬಂದರೆ ಮಗ್ಗದವರು ಊಟಕ್ಕೆ ಹೋಗುವ ಹೊತ್ತಿಗೆ ಎತ್ತಿಡುತ್ತಿದ್ದೆ. ಡೌನ್‌ಲೋಡ್ ಮನೆಯಲ್ಲೇ ಮಾಡಿಕೊಂಡು ಬರಬೇಕು. 14 ತಾಸಿನದು 64 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 400 ಎಂಬಿ, ಅಷ್ಟೇನೂ ದೊಡ್ಡದಲ್ಲ.

ಈಗ ಆ ಮೊದಲ ಎಂಟು ಫಾರ್ಮಿನ ಮಾತು.

ನನಗೆ ಇಂಗ್ಲಿಷ್ ಓದಲು ಬರುತ್ತದೆ. ಬೇರೆ ದೇಶದವರ ಬಾಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವ ರೂಢಿ ಇರಲಿಲ್ಲ. ಈ ಕಾದಂಬರಿ ಓದಿದಾಕೆ ಇಂಗ್ಲೆಂಡಿನ ಕಡೆಯವಳು. ಮೊದಲ ಫಾರ್ಮಿನಲ್ಲಿ ಅರ್ಧ ಮಾತು ಗಾಳಿಗೆ ಹೋಯಿತು. ಆದರೆ ಹೋಗಿದ್ದರಿಂದ ನಷ್ಟ ಏನೂ ಆಗಲಿಲ್ಲ, ಯಾಕಂದರೆ ಕಥೆ ಇನ್ನೂ ದೋಣಿಗಟ್ಟೆ ಬಿಟ್ಟು ಕದಲಿರಲಿಲ್ಲ. ಅದೇ ದೋಣಿ, ಅದೇ ಸುಂಕ, ಅದೇ ನಾಲ್ಕು ಜನ ಮತ್ತೆ ಮತ್ತೆ ಬರುತ್ತಿದ್ದರು. ನಾಲ್ಕನೇ ಫಾರ್ಮಿಗೆ ಬರುವಷ್ಟರಲ್ಲಿ ಆಕೆಯ ದನಿ ನನಗೆ ಪಕ್ಕದ ಮನೆಯವರ ದನಿಯ ಹಾಗೆ ತಿಳಿಯತೊಡಗಿತ್ತು. ಮೊದಲ ಪುಟದಲ್ಲೇ ರಾಜಕುಮಾರನ ಕೊಲೆ, ಮೂರು ರಾಜ್ಯ, ಹನ್ನೆರಡು ಹೆಸರು ಅಂತ ಶುರುವಾಗುವ ಕಾದಂಬರಿ ಆಗಿದ್ದರೆ ನಾನು ಅಲ್ಲೇ ಮುಳುಗುತ್ತಿದ್ದೆ. ನಿಧಾನದ ಆರಂಭ ಕಿವಿ ಪಳಗುವುದಕ್ಕೆ ಸಮಯ ಕೊಡುತ್ತದೆ. ಹೊಸದಾಗಿ ಇಂಗ್ಲಿಷ್ ಆಡಿಯೋಬುಕ್ ಕೇಳುವವರಿಗೆ ನಾನು ಇಂಥ ಕಾದಂಬರಿಯನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ, ಓಡುವ ಕಥೆಯನ್ನಲ್ಲ.

ಅಣ್ಣನ ಮಗಳು ಕೊಡುವಾಗಲೇ ವೇಗ 1.5ಕ್ಕೆ ಇಟ್ಟಿದ್ದಳು. ಅವಳ ವಯಸ್ಸಿನವರೆಲ್ಲ ಹಾಗೇ ಕೇಳುತ್ತಾರಂತೆ. ನಾನು 1ಕ್ಕೆ ಇಳಿಸಿದೆ. ಆಡಿಯೋಬುಕ್ ಓದುವವರು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದ ಓದುತ್ತಾರೆ, ಅದು ಮಾತಿನ ನಡಿಗೆ. 1.25 ಮಾಡಿದರೆ 14 ತಾಸಿನಲ್ಲಿ ಉಳಿಯುವುದು 3 ತಾಸಿಗೂ ಕಡಿಮೆ. ಆ ಉಳಿತಾಯ ತೆಗೆದುಕೊಂಡು ನಾನು ಏನು ಮಾಡಲಿ? ಹಾಳೆ ಮಡಚುವುದು ಹೇಗೂ ಸಂಜೆವರೆಗೆ ಇದ್ದೇ ಇರುತ್ತದೆ.

ವೇಗದ ಮಾತಿಗೆ ನಮ್ಮ ಅಂಗಡಿಯಲ್ಲಿ ಒಂದು ಸಣ್ಣ ಜಗಳವೇ ಆಯಿತು. ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಸಲು ಬರುವ ಸಂಗೀತದ ಮೇಷ್ಟ್ರು ಒಬ್ಬರಿದ್ದಾರೆ. ಕಣ್ಣು ಕಾಣುವುದಿಲ್ಲ. ಫೋನು ಅವರಿಗೆ ಎಲ್ಲವನ್ನೂ ಓದಿ ಹೇಳುತ್ತದೆ, ಅದೂ ನನಗೆ ಒಂದಕ್ಷರ ತಿಳಿಯದಷ್ಟು ವೇಗವಾಗಿ. ಅಣ್ಣನ ಮಗಳು ಅಲ್ಲೇ ಇದ್ದಳು. "ನೋಡ್ರಿ ಕಾಕಾ, ಸರ್ ಎಷ್ಟ್ ಸ್ಪೀಡ್ ಕೇಳತಾರ!" ಅಂದಳು. ಮೇಷ್ಟ್ರು ನಕ್ಕು, "ಪತ್ರ, ಪೇಪರ್ ಸ್ಪೀಡ್ ಕೇಳತೀನವ್ವಾ. ಕಥಿ ಹಂಗ ಕೇಳಂಗಿಲ್ಲ. ಬಡಾ ಖ್ಯಾಲ್ ಕುಂತ ಕೇಳೂ ಮುಂದ ವಿಲಂಬಿತ್ ಬ್ಯಾಡ, ಸೀದಾ ದ್ರುತ್ ಹಾಡ್ರಿ ಅಂತೀಯೇನು?" ಅಂದರು. ಬಡಾ ಖ್ಯಾಲ್ ಅಂದರೆ ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ, ವಿಲಂಬಿತ್ ಅಂದರೆ ನಿಧಾನದ ಲಯ, ದ್ರುತ್ ಅಂದರೆ ವೇಗದ ಲಯ. ಭೀಮಸೇನ ಜೋಶಿಯವರು ಬೆಳೆದ ಊರಿದು, ಕಣ್ಣು ಕಾಣದವರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇರುವ ಊರು. ಈ ಮಾತಿಗೆ ಎದುರಾಡೋಕೆ ಅವಳ ಹತ್ತಿರ ಏನೂ ಇರಲಿಲ್ಲ. ವಿಲಂಬಿತ್‌ನಲ್ಲಿ ಒಂದೊಂದೇ ಸ್ವರ ಕೂರಿಸಿದ್ದಕ್ಕೇ ಅಲ್ವಾ ಆಮೇಲೆ ವೇಗದ ತಾನ್‌ಗಳು ಬಂದಾಗ ನಮಗೆ ದಾರಿ ಗೊತ್ತಿರುವುದು?

ಮೇಷ್ಟ್ರಿಂದಲೇ ನನಗೆ ಇನ್ನೊಂದು ಸಂಗತಿ ತಿಳಿಯಿತು. ಈ ಆಡಿಯೋಬುಕ್ ಅನ್ನುವುದು ಕೆಲಸದಲ್ಲಿರುವ ನಮ್ಮಂಥವರಿಗೆ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಕಣ್ಣು ಕಾಣದವರಿಗಾಗಿ ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕ ಓದಿಸಿದರು. ಇಂಗ್ಲೆಂಡಿನಲ್ಲಿ ಅದು ಶುರುವಾಗಿದ್ದು 1935ರಲ್ಲಿ. ತಟ್ಟೆಯ ಒಂದು ಬದಿಗೆ ಅರ್ಧ ತಾಸೂ ಹಿಡಿಯುತ್ತಿರಲಿಲ್ಲ, ಅಂದರೆ ನನ್ನ ಒಂದು ಫಾರ್ಮಿಗಿಂತ ಕಡಿಮೆ. ಈ ಕಾದಂಬರಿಗೆ ಎಷ್ಟು ಸಲ ಎದ್ದು ತಟ್ಟೆ ತಿರುಗಿಸಬೇಕಿತ್ತೋ ಲೆಕ್ಕ ಹಾಕಿ.

ಹೆಸರುಗಳದ್ದು ನಿಜವಾದ ಕಷ್ಟ. ಫ್ಯಾಂಟಸಿಯಲ್ಲಿ ಊರು, ನದಿ, ದೇವರು ಎಲ್ಲಕ್ಕೂ ಕಟ್ಟಿದ ಹೆಸರು. ಪುಸ್ತಕ ಆದರೆ ಹಿಂದಿನ ಪುಟ ತಿರುವಿ ನೋಡಬಹುದು, ಮೊದಲ ಪುಟದಲ್ಲಿ ನಕ್ಷೆಯೂ ಇರುತ್ತದೆ. ಆಡಿಯೋದಲ್ಲಿ ಎರಡೂ ಇಲ್ಲ. ಕಟಿಂಗ್‌ನಲ್ಲಿ ಬಿದ್ದ ಕಾಗದದ ಪಟ್ಟಿಗಳ ಮೇಲೆ, ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲೇ ಬರೆದು ಮೇಜಿನ ಅಂಚಿಗೆ ಅಂಟಿಸಿದೆ. ಪಕ್ಕದಲ್ಲಿ ಒಂದೇ ಗುರುತು: "ಕುಂಟ", "ಸುಂಕದವಳ ಅಕ್ಕ", "ಸುಳ್ಳ". ನಕ್ಷೆಯನ್ನು ಅಣ್ಣನ ಮಗಳ ಪುಸ್ತಕದಿಂದ ಜೆರಾಕ್ಸ್ ಮಾಡಿಸಿ ಗೋಡೆಗೆ ಹಚ್ಚಿದೆ. ಮಡಚಲು ಬರುವ ಹಿರಿಯಾಕೆ ಅದನ್ನು ಸುಮಾರು ದಿನ ನೋಡಿ ಕೊನೆಗೆ "ಯಾವ ಊರಾಗ ಸೈಟ್ ತಗೊಂಡ್ರಿ?" ಅಂತ ಕೇಳಿಯೇಬಿಟ್ಟರು. ಅವರಿಗೆ ಕಥೆ ಹೇಳಿದೆ. ಆಮೇಲೆ ದಿನಾ ಬಂದು ಕೂತ ಕೂಡಲೇ "ಆ ಸುಂಕದ ಹುಡುಗಿ ಎಲ್ಲಿಗೆ ಬಂದ್ಲು?" ಅನ್ನುತ್ತಿದ್ದರು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕಾಗಿ ಬಂದಿದ್ದು ನನಗೆ ಬಹಳ ಉಪಯೋಗವಾಯಿತು. ಹೇಳಲು ಹೋದಾಗಲೇ ಯಾವುದು ತಲೆಗೆ ಹೋಗಿಲ್ಲ ಅಂತ ತಿಳಿಯುತ್ತಿತ್ತು. 30 ಸೆಕೆಂಡ್ ಹಿಂದೆ ಹೋಗುವ ಗುಂಡಿ ಇದೆ, ಆದರೆ ಅದನ್ನು ಬಹಳ ಒತ್ತಬೇಡಿ. ಒಂದು ವಾಕ್ಯ ತಪ್ಪಿದರೆ ತಪ್ಪಲಿ. ಮುಖ್ಯವಾದದ್ದು ನಿಧಾನದ ಕಾದಂಬರಿಯಲ್ಲಿ ತಿರುಗಿ ಬಂದೇ ಬರುತ್ತದೆ.

ಇನ್ನು ಗುಟ್ಟಿನ ಮಾತು. ದೋಣಿಗಟ್ಟೆಯಲ್ಲಿ ಒಬ್ಬ ಅಂಬಿಗ ಇದ್ದ. ಓದುವಾಕೆ ಅವನಿಗೆ ಒಂದು ಚಾಳಿ ಕೊಟ್ಟಿದ್ದಳು: ಮಾತು ಶುರು ಮಾಡುವ ಮೊದಲು ಸಣ್ಣಗೆ ಉಸಿರು ಎಳೆದು ಒಂದು ಕ್ಷಣ ತಡೆಯುವುದು. ಅಂಬಿಗ ಐದನೇ ಫಾರ್ಮಿನಲ್ಲಿ ನೀರುಪಾಲಾದ. ಹದಿನೆಂಟನೇ ಫಾರ್ಮಿನಲ್ಲಿ, ದೂರದ ಪಟ್ಟಣದಲ್ಲಿ, ಮುಸುಕು ಹಾಕಿದ ಒಬ್ಬ ವ್ಯಾಪಾರಿ ಬರುತ್ತಾನೆ. ದನಿ ಬೇರೆ, ಮಾತಿನ ಧಾಟಿ ಬೇರೆ. ಆದರೆ ಬಾಯಿ ತೆರೆಯುವ ಮೊದಲು ಅದೇ ಉಸಿರು, ಅದೇ ತಡೆ. ನನ್ನ ಕೈಯಲ್ಲಿದ್ದ ಹಾಳೆ ಅರ್ಧ ಮಡಿಕೆಗೆ ನಿಂತಿತು. ಹುಡುಗಿಗೆ ಅವನು ಯಾರಂತ ಗೊತ್ತಾಗಲು ಇನ್ನೂ ಎರಡು ಫಾರ್ಮು ಹೋಗಬೇಕಿತ್ತು. ನನಗೆ ಆಗಲೇ ಗೊತ್ತಿತ್ತು. ಸಂಜೆ ಅಣ್ಣನ ಮಗಳಿಗೆ ಹೇಳಿದರೆ ಅವಳು ನಂಬಲೇ ಇಲ್ಲ, "ಪುಸ್ತಕದಾಗ ಅಲ್ಲಿ ಏನೂ ಸುಳಿವಿಲ್ಲ" ಅಂತ ಪುಟ ತೆರೆದು ತೋರಿಸಿದಳು. ನಿಜ, ಪುಟದಲ್ಲಿ ಏನೂ ಇಲ್ಲ. ಓದಿದಾಕೆಯ ಉಸಿರಿನಲ್ಲಿತ್ತು. ಇದು ಆಡಿಯೋದ ಲಾಭವೋ ಕೇಡೋ ಅಂತ ನಾವಿಬ್ಬರೂ ಇನ್ನೂ ವಾದ ಮಾಡುತ್ತೇವೆ. ಅವಳ ಪ್ರಕಾರ ಗುಟ್ಟು ಹಾಳಾಯಿತು. ನನ್ನ ಪ್ರಕಾರ ಆ ಎರಡು ಫಾರ್ಮು ನಾನು ಕೇಳಿದಷ್ಟು ಮೈಯೆಲ್ಲ ಕಿವಿಯಾಗಿ ಅವಳು ಓದಿರಲಿಕ್ಕಿಲ್ಲ.

ಹಗ್ಗದ ಮುದುಕಿಯ ಗಂಟು ಕೊನೆಗೆ ಏನು ಮಾಡಿತು ಅಂತ ಹೇಳುವುದಿಲ್ಲ. ಎರಡನೇ ಫಾರ್ಮಿನಲ್ಲಿ ನಿದ್ದೆ ಹೋದವರಿಗೆ ಅದು ತಿಳಿಯುವುದಿಲ್ಲ ಅಂತಷ್ಟೇ ಹೇಳುತ್ತೇನೆ.

ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಕೊನೆಯ ಯುದ್ಧ ಕಿವಿಗೆ ಸಪ್ಪೆ ಅನಿಸಿತು. ಯಾರು ಯಾವ ದಂಡೆಯಲ್ಲಿದ್ದಾರೆ, ಯಾರು ಸೇತುವೆ ಮೇಲೆ, ಒಂದೂ ಕಣ್ಣಿಗೆ ಕಟ್ಟಲಿಲ್ಲ. ಎಲ್ಲರೂ ಕೂಗುತ್ತಿದ್ದರು. ವೇಗ 0.9ಕ್ಕೆ ಇಳಿಸಿ, ಗೋಡೆಯ ನಕ್ಷೆ ನೋಡುತ್ತಾ ಕೇಳಿದ ಮೇಲೆ ಒಂದಿಷ್ಟು ಹತ್ತಿತು. ಜನ ನಿಧಾನದ ಭಾಗವನ್ನು ಓಡಿಸಿ ಯುದ್ಧವನ್ನು ಸಾವಕಾಶ ಕೇಳುತ್ತಾರೆ. ನಾನು ಯುದ್ಧವನ್ನು ಕಷ್ಟಕ್ಕೆ ನಿಧಾನ ಮಾಡಿದೆ, ದೋಣಿಗಟ್ಟೆಯನ್ನು ಇಷ್ಟಕ್ಕೆ. ರಾತ್ರಿ ಮಲಗಿ ಕೇಳುವುದಂತೂ ಇಂಥ ಕಾದಂಬರಿಗೆ ಆಗದ ಮಾತು. ಸ್ಲೀಪ್ ಟೈಮರ್ ಇಟ್ಟರೂ ಅದು ನಿಲ್ಲುವ ಮೊದಲೇ ನಾನು ನಿಂತಿರುತ್ತೇನೆ.

ಇದಕ್ಕೆ ಎರಡನೇ ಭಾಗ ಇದೆ. ಓದಿದವರು ಬೇರೆಯವರಂತೆ, ಗಂಡು ದನಿ. ಐದು ನಿಮಿಷದ ಮಾದರಿ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ಕೇಳುತ್ತೇನೆ. ದನಿ ಹಿಡಿಸಿದರೂ ಈಗಲೇ ಶುರು ಮಾಡುವುದಿಲ್ಲ. ಶಾಲೆ ಶುರುವಾಗುವ ಮೊದಲಿನ ನೋಟ್‌ಬುಕ್ ಕೆಲಸ ಬಂದಿದೆ. ಅದರಲ್ಲಿ ಮಡಚುವುದಕ್ಕಿಂತ ಎಣಿಸುವುದೇ ಜಾಸ್ತಿ.